ವಜ್ರದ ಬೆಳಕಿನಿಂದ ಮಳೆಮಾಪಕದವರೆಗೆ: ಅನ್ನಾ ಮಣಿ ನಡೆದ ದಾರಿ

ಮಳೆ ಬಂದ ಮಾರನೇ ದಿನ ನಮ್ಮ ಹಳ್ಳಿಗಳಲ್ಲಿ ಎಲ್ಲರ ಬಾಯಲ್ಲೂ ಒಂದೇ ಮಾತು: "ನಿಮ್ಮ ಕಡೆ ಎಷ್ಟಾಯ್ತು?" ಒಬ್ಬರು ಬಿತ್ತೋ ಹದ ಆಯ್ತು ಅಂತಾರೆ. ಇನ್ನೊಬ್ಬರು ಅಂಗಳದ ಒರಳುಕಲ್ಲು ತುಂಬಿತ್ತು ಅಂತಾರೆ. ಮತ್ತೊಬ್ಬರು ಧೂಳೂ ಅಡಗಲಿಲ್ಲ ಅಂತ ಮುಖ ಸಪ್ಪೆ ಮಾಡ್ತಾರೆ. ಮೂರೂ ನಮಗೆ ಅರ್ಥವಾಗುವ ಅಳತೆಗಳೇ. ಆದರೆ ಬರದ ಕಡತದಲ್ಲಿ, ಬೆಳೆ ವಿಮೆಯ ಲೆಕ್ಕದಲ್ಲಿ ಒರಳುಕಲ್ಲಿಗೆ ಜಾಗವಿಲ್ಲ. ಅಲ್ಲಿ ಕೇಳುವುದು ಮಿಲಿಮೀಟರ್.

ಆ ಮಿಲಿಮೀಟರ್ ಬರುವುದು ಮಳೆಮಾಪಕದಿಂದ. ನಿಮ್ಮ ಪಂಚಾಯಿತಿ ಕಚೇರಿ ಹತ್ತಿರವೋ ಶಾಲೆಯ ಬಯಲಲ್ಲೋ ಸಣ್ಣ ಸೋಲಾರ್ ಹಲಗೆ ಇರುವ ಒಂದು ಯಂತ್ರ ನಿಂತಿರುವುದನ್ನು ನೋಡಿರುತ್ತೀರಿ. ಕರ್ನಾಟಕ ರಾಜ್ಯ ನೈಸರ್ಗಿಕ ವಿಕೋಪ ಉಸ್ತುವಾರಿ ಕೇಂದ್ರ ಗ್ರಾಮ ಪಂಚಾಯಿತಿ ಮಟ್ಟದಲ್ಲಿ ಇಂಥವನ್ನು ಇಟ್ಟಿದೆ. ಅಡಿಕೆ, ಕಾಳುಮೆಣಸು ಬೆಳೆಯುವವರು ಕಟ್ಟುವ ಹವಾಮಾನ ಆಧಾರಿತ ವಿಮೆಯ ಪರಿಹಾರ ನಿಂತಿರುವುದೂ ಇಂಥ ಅಳತೆಯ ಮೇಲೆಯೇ.

ಒಂದು ಮಿಲಿಮೀಟರ್ ಮಳೆ ಅಂದರೆ ಎಷ್ಟು ನೀರು ಗೊತ್ತಾ? ಎಕರೆಗೆ ಸುಮಾರು 4,000 ಲೀಟರ್. ಮಾಪಕ ಐದು ಮಿಲಿಮೀಟರ್ ಹೆಚ್ಚು ತೋರಿಸಿದರೆ, ಹೊಲಕ್ಕೆ ಬೀಳದ 20,000 ಲೀಟರ್ ನೀರು ಕಾಗದದ ಮೇಲೆ ಬಿದ್ದ ಹಾಗೆ. ಹೊಲ ಒಣಗಿರುತ್ತದೆ, ಕಡತ ಒದ್ದೆಯಾಗಿರುತ್ತದೆ.

ಹಾಗಾದರೆ ಮಳೆಯನ್ನು, ಬಿಸಿಲನ್ನು, ಗಾಳಿಯನ್ನು ಸರಿಯಾಗಿ ಅಳೆಯುವ ಉಪಕರಣಗಳನ್ನು ಈ ದೇಶದಲ್ಲೇ ಮಾಡುವುದಕ್ಕೆ ಶುರು ಮಾಡಿದವರು ಯಾರು? ಅವರಲ್ಲಿ ಮುಖ್ಯರಾದ ಒಬ್ಬರ ಕಥೆ ಬೆಂಗಳೂರಿನ ಒಂದು ಪ್ರಯೋಗಾಲಯದಲ್ಲಿ, ವಜ್ರದ ಹರಳುಗಳ ಮುಂದೆ ಶುರುವಾಗುತ್ತದೆ. ಅವರ ಹೆಸರು ಅನ್ನಾ ಮಣಿ.

ಓಲೆ ಬೇಡ, ಪುಸ್ತಕ ಕೊಡಿ

ಅನ್ನಾ ಮಣಿ ಹುಟ್ಟಿದ್ದು 1918ರ ಆಗಸ್ಟ್ 23ರಂದು, ಆಗಿನ ತಿರುವಾಂಕೂರು ಸಂಸ್ಥಾನದ ಪೀರ್ಮೇಡಿನಲ್ಲಿ. ಈಗ ಅದು ಕೇರಳದ ಇಡುಕ್ಕಿ ಜಿಲ್ಲೆಯಲ್ಲಿದೆ. ತಂದೆ ಸಿವಿಲ್ ಎಂಜಿನಿಯರ್, ಮನೆಗೆ ಏಲಕ್ಕಿ ತೋಟವಿತ್ತು. ಎಂಟು ಮಕ್ಕಳಲ್ಲಿ ಈಕೆ ಏಳನೆಯವರು.

ಆ ಮನೆಯಲ್ಲಿ ಹೆಣ್ಣುಮಕ್ಕಳಿಗೆ ಎಂಟು ವರ್ಷ ತುಂಬಿದಾಗ ವಜ್ರದ ಓಲೆ ಕೊಡುವ ಪದ್ಧತಿ ಇತ್ತಂತೆ. ಈ ಹುಡುಗಿ ಓಲೆ ಬೇಡ ಅಂದು ಎನ್‌ಸೈಕ್ಲೋಪೀಡಿಯಾ ಬ್ರಿಟಾನಿಕಾ ಪುಸ್ತಕಗಳನ್ನು ಕೇಳಿದರು. ಕಿವಿಗೆ ಬೇಡವೆಂದ ವಜ್ರವನ್ನೇ ಮುಂದೆ ಹಗಲು ರಾತ್ರಿ ಕಣ್ಣಿಗಿಟ್ಟುಕೊಂಡು ಕೂರುತ್ತೇನೆ ಅಂತ ಆಗ ಆಕೆಗೂ ಗೊತ್ತಿರಲಿಲ್ಲ.

1925ರಲ್ಲಿ ವೈಕಂ ಸತ್ಯಾಗ್ರಹದ ಸಮಯಕ್ಕೆ ಗಾಂಧೀಜಿ ಆ ಕಡೆ ಬಂದಿದ್ದರು. ಅವರ ಪ್ರಭಾವದಿಂದ ಅನ್ನಾ ಮಣಿ ಖಾದಿ ಉಡಲು ಶುರು ಮಾಡಿದರು. ನಮಗೆ ಬೇಕಾದ್ದನ್ನು ನಾವೇ ಮಾಡಿಕೊಳ್ಳಬೇಕು ಅನ್ನುವ ಪಾಠ ಬಟ್ಟೆಯಿಂದ ಶುರುವಾಯಿತು. ಅದು ಥರ್ಮಾಮೀಟರಿನವರೆಗೆ ಹೋದದ್ದು ಆಮೇಲಿನ ಮಾತು.

1939ರಲ್ಲಿ ಮದರಾಸಿನ ಪ್ರೆಸಿಡೆನ್ಸಿ ಕಾಲೇಜಿನಿಂದ ಬಿ.ಎಸ್ಸಿ. ಆನರ್ಸ್ ಮುಗಿಯಿತು. 1940ರಲ್ಲಿ ವಿದ್ಯಾರ್ಥಿವೇತನ ಸಿಕ್ಕಿ ಬೆಂಗಳೂರಿಗೆ ಬಂದರು. ಸೇರಿದ್ದು ಭಾರತೀಯ ವಿಜ್ಞಾನ ಸಂಸ್ಥೆಗೆ, ಹಳೇ ಬೆಂಗಳೂರಿಗರ ಬಾಯಲ್ಲಿ ಟಾಟಾ ಇನ್‌ಸ್ಟಿಟ್ಯೂಟ್‌ಗೆ. ಗುರು ಸಿ.ವಿ. ರಾಮನ್.

ಬೆಳಕನ್ನು ಬಿಡಿಸಿ ಓದುವ ವಿದ್ಯೆ

ರಾಮನ್ ಅವರ ಪ್ರಯೋಗಾಲಯದಲ್ಲಿ ನಡೆಯುತ್ತಿದ್ದ ಕೆಲಸಕ್ಕೆ ಸ್ಪೆಕ್ಟ್ರೋಸ್ಕೋಪಿ ಅಂತ ಹೆಸರು. ನಮ್ಮ ಪಠ್ಯಪುಸ್ತಕಗಳು ಇದಕ್ಕೆ ರೋಹಿತ ವಿಜ್ಞಾನ ಅನ್ನುತ್ತವೆ. ಹೆಸರು ದೊಡ್ಡದಾದರೂ ವಿಷಯ ನಮಗೆ ಹೊಸದಲ್ಲ. ಕಾಮನಬಿಲ್ಲು ನೋಡಿದವರೆಲ್ಲ ರೋಹಿತ ನೋಡಿದವರೇ. ಮಳೆಹನಿ ಬಿಸಿಲನ್ನು ಬಣ್ಣಬಣ್ಣವಾಗಿ ಬಿಡಿಸುತ್ತದೆ. ಪ್ರಯೋಗಾಲಯದಲ್ಲಿ ಆ ಕೆಲಸವನ್ನು ಗಾಜಿನ ಪಟ್ಟಕ ಮಾಡುತ್ತದೆ.

ಪ್ರತಿ ವಸ್ತುವೂ ಬೆಳಕಿನ ಜೊತೆ ತನ್ನದೇ ರೀತಿಯಲ್ಲಿ ನಡೆದುಕೊಳ್ಳುತ್ತದೆ. ಕೆಲವು ಬಣ್ಣಗಳನ್ನು ನುಂಗುತ್ತದೆ, ಕೆಲವನ್ನು ತಾನೇ ಹೊರಗೆ ಸೂಸುತ್ತದೆ. ಆ ಬೆಳಕನ್ನು ಬಿಡಿಸಿ ಫೋಟೋ ತಟ್ಟೆಯ ಮೇಲೆ ಹಿಡಿದರೆ ಗೆರೆಗಳು ಮೂಡುತ್ತವೆ. ಆಧಾರ್‌ಗೆ ಕೊಡುವ ಹೆಬ್ಬೆರಳ ಗುರುತು ಇದ್ದ ಹಾಗೆ, ವಸ್ತುವಿಗೊಂದು ಗೆರೆಗಳ ಗುರುತು. ವಸ್ತುವನ್ನು ಒಡೆಯದೆ, ಕರಗಿಸದೆ ಅದರೊಳಗೆ ಏನಿದೆ ಅಂತ ತಿಳಿಯುವ ದಾರಿ ಇದು.

1928ರ ಫೆಬ್ರವರಿ 28ರಂದು ಕಲ್ಕತ್ತೆಯಲ್ಲಿ ರಾಮನ್ ಇದರಲ್ಲೇ ಒಂದು ಹೊಸ ಸಂಗತಿ ಕಂಡುಕೊಂಡರು. ಒಂದೇ ಬಣ್ಣದ ಬೆಳಕನ್ನು ವಸ್ತುವಿನ ಮೇಲೆ ಬಿಟ್ಟರೆ, ಚದುರಿ ಬರುವ ಬೆಳಕಿನಲ್ಲಿ ಒಂದಿಷ್ಟು ಪಾಲು ಬಣ್ಣ ಬದಲಿಸಿಕೊಂಡು ಬರುತ್ತದೆ. ಆ ಬದಲಾವಣೆ ವಸ್ತುವಿನ ಅಣುಗಳ ಗುಟ್ಟು ಹೇಳುತ್ತದೆ. ಈ ಕೆಲಸದಲ್ಲಿ ಅವರ ವಿದ್ಯಾರ್ಥಿ ಕೆ.ಎಸ್. ಕೃಷ್ಣನ್ ಜೊತೆಗಿದ್ದರು. ಅದಕ್ಕೂ ಐದು ವರ್ಷ ಮೊದಲು, 1923ರಲ್ಲಿ, ಇನ್ನೊಬ್ಬ ವಿದ್ಯಾರ್ಥಿ ಕೆ.ಆರ್. ರಾಮನಾಥನ್ ನೀರಿನಲ್ಲಿ ಇದರ ಮಸುಕಾದ ಸುಳಿವನ್ನು ಕಂಡಿದ್ದರು. 1930ರ ನೊಬೆಲ್ ಗುರುವಿಗೆ ಬಂತು, ಆದರೆ ಕತ್ತಲ ಕೋಣೆಯಲ್ಲಿ ಕೂತು ನೋಡಿದ ವಿದ್ಯಾರ್ಥಿಗಳ ಕಣ್ಣುಗಳೂ ಅದರ ಹಿಂದಿದ್ದವು.

ರಾಮನ್ 1933ರಲ್ಲಿ ನಿರ್ದೇಶಕರಾಗಿ ಬೆಂಗಳೂರಿಗೆ ಬಂದರು. ಅನ್ನಾ ಮಣಿ ಬರುವ ಹೊತ್ತಿಗೆ ನಿರ್ದೇಶಕ ಹುದ್ದೆ ಬಿಟ್ಟು ಪ್ರಾಧ್ಯಾಪಕರಾಗಿ ಉಳಿದಿದ್ದರು. ಅವರ ಗಮನವೆಲ್ಲ ಆಗ ಹರಳುಗಳ ಮೇಲಿತ್ತು. ಅವರ ಬಳಿ ಸುಮಾರು 300 ವಜ್ರಗಳಿದ್ದವು.

ಒಂದು ಗೆರೆಗೆ ಇಪ್ಪತ್ತು ಗಂಟೆ

ಅನ್ನಾ ಮಣಿಗೆ ಸಿಕ್ಕ ಕೆಲಸ ವಜ್ರ ಮತ್ತು ಮಾಣಿಕ್ಯಗಳ ಬೆಳಕನ್ನು ಓದುವುದು. 30ಕ್ಕೂ ಹೆಚ್ಚು ವಜ್ರಗಳನ್ನು ಒಂದೊಂದಾಗಿ ಪರೀಕ್ಷಿಸಿದರು. ಯಾವ ಬಣ್ಣ ನುಂಗುತ್ತದೆ, ಯಾವ ಬಣ್ಣ ಸೂಸುತ್ತದೆ, ತಣ್ಣಗಾದರೆ ಏನಾಗುತ್ತದೆ ಅಂತ ದಾಖಲಿಸಿದರು.

ಎಲ್ಲ ವಜ್ರವೂ ಒಂದೇ ಅಲ್ಲ. ಅತಿನೇರಳೆ ಬೆಳಕು ಬಿದ್ದಾಗ ಕೆಲವು ನೀಲಿಯಾಗಿ ಹೊಳೆಯುತ್ತವೆ, ಕೆಲವು ಸುಮ್ಮನಿರುತ್ತವೆ. ಮಾಣಿಕ್ಯದ ಕಥೆ ಬೇರೆ. ಅದು ಮೂಲದಲ್ಲಿ ಬಣ್ಣವಿಲ್ಲದ ಅಲ್ಯೂಮಿನಿಯಂ ಆಕ್ಸೈಡ್. ಅದರಲ್ಲಿ ಚಿಟಿಕೆಯಷ್ಟು ಕ್ರೋಮಿಯಂ ಸೇರಿದರೆ ಕೆಂಪಾಗುತ್ತದೆ, ಬೆಳಕು ಬಿಟ್ಟರೆ ಒಂದಕ್ಕೊಂದು ತೀರ ಹತ್ತಿರದ ಎರಡು ಕೆಂಪು ಗೆರೆಗಳನ್ನು ಸೂಸುತ್ತದೆ. ಒಂದು 692.9 ನ್ಯಾನೋಮೀಟರ್, ಇನ್ನೊಂದು 694.3. ಇಷ್ಟು ಸೂಕ್ಷ್ಮ ವ್ಯತ್ಯಾಸವನ್ನು ಬೇರ್ಪಡಿಸಿ ಅಳೆಯಬೇಕು.

ಈಗಿನ ಹಾಗೆ ಕಂಪ್ಯೂಟರ್ ಇರಲಿಲ್ಲ. ಹರಳನ್ನು ದ್ರವಗಾಳಿಯಲ್ಲಿ ಕೊರೆಯುವಷ್ಟು ತಣ್ಣಗೆ ಇಡಬೇಕಿತ್ತು. ಅದರಿಂದ ಬರುವ ಬೆಳಕು ಎಷ್ಟು ಮಂಕಾಗಿತ್ತೆಂದರೆ, ಒಂದು ಫೋಟೋ ತಟ್ಟೆಯ ಮೇಲೆ ಗೆರೆ ಮೂಡಲು ಹದಿನೈದರಿಂದ ಇಪ್ಪತ್ತು ಗಂಟೆ ಕಾಯಬೇಕಿತ್ತು. ಎಷ್ಟೋ ರಾತ್ರಿ ಅನ್ನಾ ಮಣಿ ಪ್ರಯೋಗಾಲಯದಲ್ಲೇ ಕಳೆದರು.

ಇಂಥ ಕೆಲಸದಲ್ಲಿ ಕಣ್ಣಿನ ಅಂದಾಜು ನಡೆಯುವುದಿಲ್ಲ. ಗೊತ್ತಿಲ್ಲದ ಗೆರೆಯ ಪಕ್ಕ, ಮೊದಲೇ ಗೊತ್ತಿರುವ ಲೋಹದ ಗೆರೆಗಳನ್ನು ಅದೇ ತಟ್ಟೆಯ ಮೇಲೆ ಮೂಡಿಸಿ ಹೋಲಿಸುವುದು ರೋಹಿತ ಓದುವವರ ರೂಢಿ. ನಮ್ಮ ಸಂತೆಯಲ್ಲಿ ತಕ್ಕಡಿಯ ಬಟ್ಟನ್ನು ಮುದ್ರೆ ಒತ್ತಿದ ಬಟ್ಟಿಗೆ ಹೋಲಿಸಿ ನೋಡುವ ಹಾಗೆ. ಗೊತ್ತಿರುವುದರ ಪಕ್ಕ ಇಡದೆ ಗೊತ್ತಿಲ್ಲದ್ದನ್ನು ಅಳೆಯಬೇಡ ಅನ್ನುವುದು ಆ ಕೋಣೆಯ ಮೊದಲ ಪಾಠ. ಅನ್ನಾ ಮಣಿಯ ಮುಂದಿನ ಬದುಕೆಲ್ಲ ಈ ಪಾಠದ ಮೇಲೆ ನಿಂತಿದೆ ಅಂತ ನಮಗನ್ನಿಸುತ್ತದೆ.

ಕಪಾಟಿನಲ್ಲಿ ಉಳಿದ ಪ್ರಬಂಧ

1942ರಿಂದ 1945ರ ನಡುವೆ ಅನ್ನಾ ಮಣಿ ಒಬ್ಬರೇ ಬರೆದ ಐದು ಸಂಶೋಧನಾ ಲೇಖನಗಳು ಪ್ರಕಟವಾದವು. 1945ರ ಆಗಸ್ಟಿನಲ್ಲಿ ಪಿಎಚ್.ಡಿ. ಪ್ರಬಂಧ ಸಲ್ಲಿಸಿದರು. ಆಗ ಭಾರತೀಯ ವಿಜ್ಞಾನ ಸಂಸ್ಥೆಯಲ್ಲಿ ಮಾಡಿದ ಇಂಥ ಕೆಲಸಕ್ಕೆ ಪದವಿ ಕೊಡುತ್ತಿದ್ದದ್ದು ಮದರಾಸು ವಿಶ್ವವಿದ್ಯಾಲಯ. ಅನ್ನಾ ಮಣಿ ಎಂ.ಎಸ್ಸಿ. ಮಾಡಿಲ್ಲ, ಆದ್ದರಿಂದ ಪಿಎಚ್.ಡಿ. ಕೊಡಲಾಗದು ಅಂತ ವಿಶ್ವವಿದ್ಯಾಲಯ ಹೇಳಿತು. ಐದು ವರ್ಷದ ಕೆಲಸ ಕಣ್ಣೆದುರಿಗಿತ್ತು, ಲೇಖನಗಳು ಅಚ್ಚಾಗಿದ್ದವು. ಆದರೂ ಒಂದು ಕಾಗದ ಇಲ್ಲ ಅಂತ ಇನ್ನೊಂದು ಕಾಗದ ಸಿಗಲಿಲ್ಲ.

ಕಚೇರಿ ಕಿಟಕಿಯ ಮುಂದೆ ನಿಂತು "ಆ ದಾಖಲೆ ಇಲ್ಲ, ನಾಳೆ ಬಾ" ಅನ್ನಿಸಿಕೊಂಡವರಿಗೆ ಈ ನೋವು ಬಿಡಿಸಿ ಹೇಳಬೇಕಿಲ್ಲ.

ಆ ಪ್ರಬಂಧ ಬೆಂಗಳೂರಿನ ರಾಮನ್ ಸಂಶೋಧನಾ ಸಂಸ್ಥೆಯ ಗ್ರಂಥಾಲಯದಲ್ಲಿ, ಪದವಿ ಪಡೆದ ಬೇರೆ ಪ್ರಬಂಧಗಳ ಸಾಲಿನಲ್ಲೇ ಸೇರಿಕೊಂಡಿತು. ರಟ್ಟು ನೋಡಿದರೆ ಯಾವುದಕ್ಕೆ ಪದವಿ ಸಿಕ್ಕಿದೆ, ಯಾವುದಕ್ಕಿಲ್ಲ ಅಂತ ಹೇಳಲಾಗದು.

ಆ ಕಾಲದ ಪ್ರಯೋಗಾಲಯ ಹೆಣ್ಣುಮಕ್ಕಳಿಗೆ ಸಲೀಸಾಗಿರಲಿಲ್ಲ ಅನ್ನುವುದನ್ನೂ ಹೇಳಬೇಕು. 1933ರಲ್ಲಿ ಕಮಲಾ ಸೊಹೋನಿ ಇದೇ ಸಂಸ್ಥೆಗೆ ಅರ್ಜಿ ಹಾಕಿದಾಗ, ಹೆಣ್ಣು ಅನ್ನುವ ಕಾರಣಕ್ಕೆ ರಾಮನ್ ಮೊದಲು ಬೇಡವೆಂದಿದ್ದರು. ಆಕೆ ಪಟ್ಟು ಬಿಡದೆ ಷರತ್ತಿನ ಮೇಲೆ ಸೇರಿಕೊಂಡರು. ಅನ್ನಾ ಮಣಿಯ ಕಾಲದಲ್ಲೂ ಗಂಡು ಹೆಣ್ಣು ವಿದ್ಯಾರ್ಥಿಗಳು ಬೆರೆತು ಚರ್ಚಿಸುವುದು ಗುರುಗಳಿಗೆ ಹಿಡಿಸುತ್ತಿರಲಿಲ್ಲ. ದೊಡ್ಡ ವಿಜ್ಞಾನಿಯಲ್ಲೂ ಸಣ್ಣತನ ಇರಬಹುದು. ಎರಡನ್ನೂ ಒಟ್ಟಿಗೆ ನೋಡುವುದೇ ಇತಿಹಾಸ.

ಅನ್ನಾ ಮಣಿ ಮಾತ್ರ ಪದವಿ ಸಿಗದ್ದನ್ನು ದೊಡ್ಡದು ಮಾಡಲಿಲ್ಲ. ಅದರಿಂದ ತನ್ನ ಬದುಕಿಗೆ ಏನೂ ಕೊರತೆಯಾಗಲಿಲ್ಲ ಅನ್ನುವುದು ಅವರ ನಿಲುವಾಗಿತ್ತು.

ಥರ್ಮಾಮೀಟರೂ ಹಡಗಿನಲ್ಲಿ ಬರುತ್ತಿದ್ದ ಕಾಲ

ಅದೇ 1945ರಲ್ಲಿ ಸರ್ಕಾರದ ವಿದ್ಯಾರ್ಥಿವೇತನ ಸಿಕ್ಕಿತು. ಲಂಡನ್ನಿನ ಇಂಪೀರಿಯಲ್ ಕಾಲೇಜಿಗೆ ಹೊರಟರು. ಮನಸ್ಸಿನಲ್ಲಿದ್ದದ್ದು ಭೌತವಿಜ್ಞಾನ, ಆದರೆ ಸಿಕ್ಕಿದ್ದು ಹವಾಮಾನ ಉಪಕರಣಗಳ ತರಬೇತಿ. ಇಷ್ಟಪಟ್ಟು ಆರಿಸಿಕೊಂಡ ದಾರಿಯಲ್ಲ. ಆದರೂ ಹಿಡಿದ ಕೆಲಸ ಬಿಡಲಿಲ್ಲ.

1948ರಲ್ಲಿ ಸ್ವತಂತ್ರ ಭಾರತಕ್ಕೆ ಮರಳಿ ಪುಣೆಯಲ್ಲಿ ಭಾರತೀಯ ಹವಾಮಾನ ಇಲಾಖೆಯ ಉಪಕರಣ ವಿಭಾಗ ಸೇರಿದರು. ಅದರ ಮುಖ್ಯಸ್ಥರು ಎಸ್.ಪಿ. ವೆಂಕಟೇಶ್ವರನ್. ಆಗ ನಮ್ಮ ದೇಶ ಥರ್ಮಾಮೀಟರ್, ಬ್ಯಾರೋಮೀಟರಿನಂಥ ಸಾಮಾನ್ಯ ಉಪಕರಣಗಳಿಗೂ ಬ್ರಿಟನ್ ಮುಖ ನೋಡಬೇಕಿತ್ತು. ಮಳೆ ನಮ್ಮದು, ಬಿಸಿಲು ನಮ್ಮದು, ಅಳೆಯುವ ಕೋಲು ಮಾತ್ರ ಅವರದು.

ಇದನ್ನು ಬದಲಿಸುವ ಕೆಲಸ ಆ ವಿಭಾಗದಲ್ಲಿ ಶುರುವಾಯಿತು. 1953ರ ಹೊತ್ತಿಗೆ ಅನ್ನಾ ಮಣಿ ವಿಭಾಗದ ಹೊಣೆ ಹೊತ್ತಿದ್ದರು, ಅವರ ಕೈಕೆಳಗೆ 121 ಗಂಡಸರು ಕೆಲಸ ಮಾಡುತ್ತಿದ್ದರು. ಸುಮಾರು 100 ಬಗೆಯ ಹವಾಮಾನ ಉಪಕರಣಗಳಿಗೆ ಗುಣಮಟ್ಟದ ನಕ್ಷೆಗಳನ್ನು ಸಿದ್ಧಪಡಿಸಿ, ಅವನ್ನು ಇಲ್ಲೇ ತಯಾರಿಸುವ ವ್ಯವಸ್ಥೆ ಮಾಡಿದರು.

ನಕ್ಷೆ ಅಂದರೆ ಬರೀ ಚಿತ್ರವಲ್ಲ. ಯಾವ ಭಾಗ ಎಷ್ಟು ದಪ್ಪ, ಬಾಯಿ ಎಷ್ಟು ಅಗಲ, ಯಾವ ಲೋಹ, ಎಷ್ಟು ತಪ್ಪಿದರೆ ಪರವಾಗಿಲ್ಲ ಅನ್ನುವುದೆಲ್ಲ ಅದರಲ್ಲಿರಬೇಕು. ಬೀದರಿನ ಮಳೆಮಾಪಕಕ್ಕೂ ಮಡಿಕೇರಿಯ ಮಳೆಮಾಪಕಕ್ಕೂ ಬಾಯಿ ಒಂದೇ ಅಳತೆಯಲ್ಲಿ ಇಲ್ಲದಿದ್ದರೆ ಎರಡೂ ಕಡೆಯ ಮಳೆಯನ್ನು ಪಕ್ಕಪಕ್ಕ ಇಟ್ಟು ಮಾತಾಡಲಾಗದು. ಇಲ್ಲಿ 50 ಮಿಲಿಮೀಟರ್, ಅಲ್ಲಿ 50 ಮಿಲಿಮೀಟರ್ ಅಂದರೆ ಎರಡೂ ಒಂದೇ ಆಗಿರಬೇಕು. ವಜ್ರದ ಗೆರೆಯ ಪಕ್ಕ ಗೊತ್ತಿರುವ ಗೆರೆ ಇಟ್ಟ ಪಾಠವೇ ಇಲ್ಲಿಗೆ ಬಂತು. ಹೊಸ ಉಪಕರಣವನ್ನು ಪ್ರಮಾಣ ಉಪಕರಣದ ಪಕ್ಕ ಇಟ್ಟು ಪರೀಕ್ಷಿಸದೆ ಹೊರಗೆ ಕಳಿಸುವಂತಿಲ್ಲ.

ತಪ್ಪು ಅಳತೆ ಅಳತೆಯೇ ಇಲ್ಲದ್ದಕ್ಕಿಂತ ಕೆಟ್ಟದ್ದು ಅಂತ ಅನ್ನಾ ಮಣಿ ನಂಬಿದ್ದರು. ಡೇರಿಯಲ್ಲಿ ಹಾಲು ಹಾಕುವವರಿಗೆ ಇದು ಚೆನ್ನಾಗಿ ಗೊತ್ತು. ಫ್ಯಾಟ್ ನೋಡುವ ಯಂತ್ರ ಕೆಟ್ಟು ನಿಂತರೆ ಎಲ್ಲರಿಗೂ ಕಾಣುತ್ತದೆ. ಅದೇ ಯಂತ್ರ ಒಂದು ಚೂರು ಕಡಿಮೆ ತೋರಿಸುತ್ತಾ ಓಡುತ್ತಿದ್ದರೆ ಯಾರಿಗೂ ಕಾಣುವುದಿಲ್ಲ, ಸಾಲಿನಲ್ಲಿ ನಿಂತ ಎಲ್ಲರಿಗೂ ದಿನಾ ನಷ್ಟ.

ಬಿಸಿಲಿಗೂ ಒಂದು ಲೆಕ್ಕ

1957-58ರಲ್ಲಿ ಜಗತ್ತಿನ ಹಲವು ದೇಶಗಳು ಸೇರಿ ಅಂತರರಾಷ್ಟ್ರೀಯ ಭೂಭೌತ ವರ್ಷ ಆಚರಿಸಿದವು. ಭೂಮಿಯನ್ನು, ಆಕಾಶವನ್ನು ಎಲ್ಲರೂ ಒಟ್ಟಿಗೆ ಅಳೆಯೋಣ ಅನ್ನುವ ಯೋಜನೆ ಅದು. ಆ ಸಂದರ್ಭದಲ್ಲಿ ಅನ್ನಾ ಮಣಿ ಭಾರತದ ಉದ್ದಗಲಕ್ಕೂ ಬಿಸಿಲು ಅಳೆಯುವ ಕೇಂದ್ರಗಳ ಜಾಲ ಕಟ್ಟಿದರು. ಮೊದಲಿಗೆ ಹೊರದೇಶದ ಉಪಕರಣಗಳನ್ನು ಬಳಸಿದರು, ಬೇಗನೆ ಇಲ್ಲೇ ತಯಾರಿಸಲು ಶುರು ಮಾಡಿದರು.

ಬಿಸಿಲು ಅಳೆಯುವುದು ಹೇಗೆ? ಗಾಜಿನ ಗುಮ್ಮಟದ ಕೆಳಗೆ ಕಪ್ಪು ಬಳಿದ ಒಂದು ತಟ್ಟೆ ಇರುತ್ತದೆ. ಬಿಸಿಲು ಬಿದ್ದಾಗ ಕಪ್ಪು ತಟ್ಟೆ ಕಾಯುತ್ತದೆ. ಅದರ ಕೆಳಗೆ ಎರಡು ಬೇರೆ ಬೇರೆ ಲೋಹದ ತಂತಿಗಳನ್ನು ಬೆಸೆದಿರುತ್ತಾರೆ. ಬೆಸುಗೆಯ ಒಂದು ತುದಿ ಬಿಸಿ, ಇನ್ನೊಂದು ತುದಿ ತಣ್ಣಗೆ ಇದ್ದರೆ ಸಣ್ಣಗೆ ವಿದ್ಯುತ್ ಹುಟ್ಟುತ್ತದೆ. ಅದನ್ನು ಅಳೆದರೆ ಎಷ್ಟು ಬಿಸಿಲು ಬಿತ್ತು ಅಂತ ಗೊತ್ತಾಗುತ್ತದೆ. ಇದಕ್ಕೆ ಪೈರನೋಮೀಟರ್ ಅನ್ನುತ್ತಾರೆ.

ಬೆಳಕು ಬಿಡಿಸಿ ಓದುವ ವಿದ್ಯೆ ಆಕಾಶಕ್ಕೂ ಬೇಕು. ಸೂರ್ಯನ ಅತಿನೇರಳೆ ಕಿರಣಗಳಲ್ಲಿ ಕೆಲವನ್ನು ಓಝೋನ್ ಹೆಚ್ಚು ನುಂಗುತ್ತದೆ, ಕೆಲವನ್ನು ಕಡಿಮೆ. ಎರಡನ್ನೂ ಹೋಲಿಸಿದರೆ ತಲೆ ಮೇಲೆ ಎಷ್ಟು ಓಝೋನ್ ಇದೆ ಅಂತ ನೆಲದಲ್ಲೇ ನಿಂತು ಲೆಕ್ಕ ಹಾಕಬಹುದು. 1923ರಲ್ಲಿ ನೀರಿನ ಬೆಳಕಿನಲ್ಲಿ ಸುಳಿವು ಕಂಡಿದ್ದರಲ್ಲ, ಆ ರಾಮನಾಥನ್ ಮುಂದೆ ಹವಾಮಾನದ ಕಡೆಗೆ ಬಂದು ಓಝೋನ್ ಅಧ್ಯಯನದಲ್ಲಿ ಜಗತ್ತಿಗೇ ಗೊತ್ತಾದರು. ಅನ್ನಾ ಮಣಿ ಮತ್ತು ಅವರ ಸಂಗಡಿಗರು 1960ರ ದಶಕದಲ್ಲಿ, ಬಲೂನಿಗೆ ಕಟ್ಟಿ ಮೇಲಕ್ಕೆ ಬಿಟ್ಟು ಓಝೋನ್ ಅಳೆಯುವ ಉಪಕರಣವನ್ನು ದೇಶದಲ್ಲೇ ಮಾಡಿದರು. 1963ರಲ್ಲಿ ವಿಕ್ರಮ್ ಸಾರಾಭಾಯ್ ಕೇಳಿಕೊಂಡ ಮೇಲೆ ತುಂಬಾ ರಾಕೆಟ್ ನೆಲೆಯಲ್ಲಿ ಹವಾಮಾನ ವೀಕ್ಷಣಾಲಯ ಕಟ್ಟಿದರು.

ಮತ್ತೆ ಬೆಂಗಳೂರಿಗೆ

1976ರಲ್ಲಿ ಹವಾಮಾನ ಇಲಾಖೆಯ ಉಪ ಮಹಾನಿರ್ದೇಶಕಿಯಾಗಿ ನಿವೃತ್ತರಾದರು. ಆಮೇಲೆ ರಾಮನ್ ಸಂಶೋಧನಾ ಸಂಸ್ಥೆಗೆ ಬಂದು ಮೂರು ವರ್ಷ ಇದ್ದರು. ಪದವಿ ಸಿಗದ ತಮ್ಮ ಪ್ರಬಂಧ ಸೇರಿಕೊಂಡ ಸಂಸ್ಥೆಗೇ.

ಅಷ್ಟು ವರ್ಷ ಕೂಡಿಟ್ಟ ಬಿಸಿಲಿನ ಲೆಕ್ಕವನ್ನು 1980ರಲ್ಲಿ ಭಾರತದ ಸೌರ ವಿಕಿರಣದ ಕೈಪಿಡಿಯಾಗಿ ತಂದರು. ಸೌರಶಕ್ತಿಯ ಬಗ್ಗೆ ಕೆಲಸ ಮಾಡುವವರಿಗೆ ಅದು ಆಧಾರ ಗ್ರಂಥವಾಯಿತು. ಆಮೇಲೆ ಗಾಳಿಯ ಸರದಿ. ದೇಶದ 700ಕ್ಕೂ ಹೆಚ್ಚು ಕಡೆಗಳಲ್ಲಿ ಗಾಳಿಯ ವೇಗ ಅಳೆಯುವ ಯೋಜನೆಯನ್ನು ಅವರು ನಡೆಸಿದರು. ಗಾಳಿಯ ವೇಗ ಮತ್ತು ಸೌರಶಕ್ತಿ ಅಳೆಯುವ ಉಪಕರಣಗಳನ್ನು ತಯಾರಿಸುವ ಒಂದು ಸಣ್ಣ ಕಾರ್ಯಾಗಾರವನ್ನೂ ಬೆಂಗಳೂರಿನಲ್ಲಿ ತೆರೆದರು.

ಆಗ ಸೋಲಾರ್, ಗಾಳಿ ವಿದ್ಯುತ್ ಅಂದರೆ ಹೆಚ್ಚಿನವರಿಗೆ ಕನಸಿನ ಮಾತು. ಇವತ್ತು ಚಿತ್ರದುರ್ಗದ ಗುಡ್ಡಗಳ ಮೇಲೆ, ಗದಗದ ಬಯಲಲ್ಲಿ ಗಾಳಿಯಂತ್ರಗಳು ತಿರುಗುತ್ತಿವೆ. ಪಾವಗಡದಲ್ಲಿ ಸುಮಾರು 13,000 ಎಕರೆಯಲ್ಲಿ 2,050 ಮೆಗಾವ್ಯಾಟ್ ಸೋಲಾರ್ ಪಾರ್ಕ್ ಎದ್ದಿದೆ. ಅಲ್ಲಿನ ರೈತರು ಮಳೆ ಕೈಕೊಟ್ಟ ನೆಲವನ್ನು ಗುತ್ತಿಗೆಗೆ ಕೊಟ್ಟು ವರ್ಷಕ್ಕಿಷ್ಟು ಅಂತ ಹಣ ತೆಗೆದುಕೊಳ್ಳುತ್ತಾರೆ. ಆ ಒಪ್ಪಂದದಲ್ಲಿ ಯಾರಿಗೆ ಎಷ್ಟು ಸಿಕ್ಕಿತು ಅನ್ನುವುದು ಬೇರೆಯೇ ಚರ್ಚೆ. ಆದರೆ ಒಂದು ಜಾಗದಲ್ಲಿ ವರ್ಷಕ್ಕೆ ಎಷ್ಟು ಬಿಸಿಲು, ಎಷ್ಟು ಗಾಳಿ ಅಂತ ಅಂಕಿಯಲ್ಲಿ ಹೇಳಲಾಗದಿದ್ದರೆ ಅಂಥ ಯೋಜನೆಗೆ ಕೈ ಹಾಕುವವರೇ ಇರುವುದಿಲ್ಲ. ಈ ದೇಶದಲ್ಲಿ ಆ ಅಂಕಿ ಕೂಡಿಡುವ ಕೆಲಸ ಶುರು ಮಾಡಿದವರಲ್ಲಿ ಅನ್ನಾ ಮಣಿ ಮುಂದಿದ್ದರು.

2001ರ ಆಗಸ್ಟ್ 16ರಂದು ತಿರುವನಂತಪುರದಲ್ಲಿ ಅವರು ತೀರಿಕೊಂಡರು.

ನಮ್ಮೂರ ಮಾಪಕದ ಮುಂದೆ

ಈಗ ಪಂಚಾಯಿತಿ ಹತ್ತಿರ ನಿಂತಿರುವ ಮಳೆಮಾಪಕ ಅನ್ನಾ ಮಣಿ ಮಾಡಿದ್ದಲ್ಲ. ಕಾಲ ಮುಂದೆ ಹೋಗಿದೆ. ಮಳೆಯ ಲೆಕ್ಕ ತಾನಾಗಿಯೇ ಹೊರಡುತ್ತದೆ, ದಿನಾ ಬೆಳಿಗ್ಗೆ 8.30ಕ್ಕೆ ಬಂದು ಜಾಡಿ ನೋಡುವ ಮನುಷ್ಯ ಬೇಕಿಲ್ಲ. ಆದರೆ ಅವರ ನಿಯಮ ಹಳೆಯದಾಗಿಲ್ಲ. ಮಾಪಕದ ಬಾಯಿಗೆ ಒಣ ಎಲೆ ಬಿದ್ದು ಕಟ್ಟಿಕೊಂಡಿದ್ದರೆ, ಪಕ್ಕದ ಮರ ಬೆಳೆದು ಮಳೆಗೆ ಅಡ್ಡ ನಿಂತಿದ್ದರೆ, ಎಷ್ಟು ಒಳ್ಳೆಯ ಯಂತ್ರವಾದರೂ ಸುಳ್ಳು ಹೇಳುತ್ತದೆ. ಆ ಸುಳ್ಳಿಗೆ ಸರ್ಕಾರಿ ಮುದ್ರೆಯೂ ಬೀಳುತ್ತದೆ.

ನಾವು ಪತ್ರಿಕೋದ್ಯಮ ಓದುವಾಗ ಸುದ್ದಿಯನ್ನು ಎರಡು ಕಡೆ ಕೇಳಿ ಬರೆಯಬೇಕು ಅಂತ ಕಲಿತೆವು. ಅಳತೆಗೂ ಅದೇ ಮಾತು. ನಿಮ್ಮ ಊರಿನ ಮಾಪಕ ಎಲ್ಲಿದೆ ಅಂತ ಒಮ್ಮೆ ನೋಡಿಬನ್ನಿ. ಮುಟ್ಟಬೇಡಿ, ಬೇಲಿಯ ಹೊರಗಿಂದಲೇ ನೋಡಿ. ಬಾಯಿ ಕಟ್ಟಿದ್ದರೆ, ಮರ ಅಡ್ಡ ಬಂದಿದ್ದರೆ ಫೋಟೋ ತೆಗೆದು ಪಂಚಾಯಿತಿಗೆ ಲಿಖಿತವಾಗಿ ತಿಳಿಸಿ. ಶಾಲೆಯ ಮಕ್ಕಳು ನೇರ ಗೋಡೆಯ, ಚಪ್ಪಟೆ ತಳದ ಡಬ್ಬವೊಂದನ್ನು ಬಯಲಲ್ಲಿಟ್ಟು, ನಿಂತ ನೀರಿಗೆ ಸ್ಕೇಲ್ ಇಳಿಸಿ ದಿನಾ ಬರೆದಿಟ್ಟರೂ ಸಾಕು. ಅದು ಸರ್ಕಾರಿ ಲೆಕ್ಕವಾಗುವುದಿಲ್ಲ, ಆದರೆ ಪಕ್ಕದಲ್ಲಿಟ್ಟು ಹೋಲಿಸಲು ಒಂದು ಗೆರೆ ಸಿಗುತ್ತದೆ.

ಹತ್ತಿರ ಹತ್ತಿರ ಎಂಬತ್ತು ವರ್ಷಗಳ ಹಿಂದೆ ಬೆಂಗಳೂರಿನ ಕತ್ತಲ ಕೋಣೆಯಲ್ಲಿ ಒಬ್ಬ ವಿದ್ಯಾರ್ಥಿನಿ ಮಾಡಿದ್ದೂ ಅದನ್ನೇ. ಆಕೆಗೆ ಪದವಿ ಸಿಗಲಿಲ್ಲ. ಆಕೆ ಕಲಿತ ಅಳತೆ ಮಾತ್ರ ದೇಶದಲ್ಲಿ ಉಳಿಯಿತು. ಮುಂದಿನ ಮಳೆಗೆ "ಎಷ್ಟಾಯ್ತು?" ಅಂತ ಯಾರಾದರೂ ಕೇಳಿದಾಗ, ಒರಳುಕಲ್ಲಿನ ಲೆಕ್ಕದ ಜೊತೆಗೆ ಮಿಲಿಮೀಟರನ್ನೂ ಹೇಳಿ. ಆ ಮಿಲಿಮೀಟರ್ ನಿಜವೇ ಅಂತಲೂ ಕೇಳಿ.